187 ಅಲ್ಲ, 89

ಅವತ್ತು 2024ರ ಏಪ್ರಿಲ್ 26, ಶುಕ್ರವಾರ. ಬೆಂಗಳೂರಿನಿಂದ ಚನ್ನರಾಯಪಟ್ಟಣದವರೆಗೂ ನಿಂತುಕೊಂಡೇ ಬಂದೆ. ಬಸ್ಸಿನ ತುಂಬ ವೋಟು ಹಾಕಲು ಊರಿಗೆ ಹೊರಟವರೇ. ಕುಣಿಗಲ್ ದಾಟುವ ತನಕ ಎಲ್ಲರ ಬಾಯಲ್ಲೂ ಮಳೆಯದೇ ಮಾತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿದ್ದ ವರ್ಷ ಅದು. ಬೆಳ್ಳೂರು ಕ್ರಾಸಿನಲ್ಲಿ ಟೀಗೆ ಇಳಿದಾಗ ಮಾತು ಬದಲಾಯಿತು, ದನಿಯೂ ತಗ್ಗಿತು. ಒಬ್ಬ ಇನ್ನೊಬ್ಬನಿಗೆ ಮೊಬೈಲು ತೋರಿಸಿದ. ಅವನು ನೋಡಿ ವಾಪಸ್ ಕೊಟ್ಟು, "ಯಾರಿದು, ನಮ್ ಕಡೆಯೋರಾ?" ಅಂದ. ಅವನು ಕೇಳಿದ್ದು ಆ ವಿಡಿಯೊದ ಗಂಡಸಿನ ಬಗ್ಗೆ ಅಲ್ಲ, ಹೆಂಗಸಿನ ಬಗ್ಗೆ.

ನಾನು ಟೀ ಅರ್ಧಕ್ಕೇ ಬಿಟ್ಟು ಬಸ್ ಹತ್ತಿದೆ.

ಅದಕ್ಕೆ ನಾಲ್ಕೈದು ದಿನ ಮುಂಚೆ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಸಿಕ್ಕಿದ್ದವು. ಒಳಗೆ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು, ಅದರಲ್ಲಿ ಇರುವವರು ನಮ್ಮ ಸಂಸದರೇ ಅಂತ ಮಾತು. ಎಲ್ಲರಿಗೂ ಗೊತ್ತಿತ್ತು. ಟಿವಿಯಲ್ಲಿ ಇನ್ನೂ ಜೋರಾಗಿ ಬಂದಿರಲಿಲ್ಲ, ಅಷ್ಟೇ. ಕಣದಲ್ಲಿ ಇದ್ದವರು ಆಗಿನ ಸಂಸದ ಪ್ರಜ್ವಲ್ ರೇವಣ್ಣ, ದೇವೇಗೌಡರ ಮೊಮ್ಮಗ, ಬಿಜೆಪಿ-ಜೆಡಿಎಸ್ ಮೈತ್ರಿಯ ಅಭ್ಯರ್ಥಿ. ಎದುರಿಗೆ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್. ಅವರೂ ಮೊಮ್ಮಗನೇ. 1999ರಲ್ಲಿ ಇದೇ ಹಾಸನದಲ್ಲಿ ದೇವೇಗೌಡರನ್ನು ಸೋಲಿಸಿದ್ದ ಪುಟ್ಟಸ್ವಾಮಿಗೌಡರ ಮೊಮ್ಮಗ. ನಮ್ಮ ಜಿಲ್ಲೆಯಲ್ಲಿ ಚುನಾವಣೆ ಅಂದರೆ ಜಮೀನಿನ ಹಾಗೆ, ತಾತನ ಹೆಸರಿನಿಂದ ಮೊಮ್ಮಗನ ಹೆಸರಿಗೆ ಖಾತೆ ಆಗುತ್ತದೆ.

ಜಮೀನಿನ ಮಾತು ಬಂತು, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಅದು ಗೊತ್ತಾಗದಿದ್ದರೆ ನಮ್ಮ ದೊಡ್ಡಪ್ಪ ಅರ್ಥವಾಗುವುದಿಲ್ಲ.

ನಮ್ಮ ತಾತ ಗೇಣಿದಾರ. ದೇವರಾಜ ಅರಸು ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ, ಫಾರಂ ನಂಬರ್ ಏಳು ಬರೆಸಿ ಹಾಕಿದರು. ಟ್ರಿಬ್ಯೂನಲ್‌ಗೆ ವರ್ಷಗಟ್ಟಲೆ ಅಲೆದ ಮೇಲೆ ಉಳುತ್ತಿದ್ದ ನೆಲ ಅವರದೇ ಆಯಿತು. ಆಮೇಲೆ ಹೇಮಾವತಿ ನಾಲೆ ಬಂತು. ಅಣ್ಣತಮ್ಮಂದಿರು ಭಾಗವಾದಾಗ ನಾಲೆಯ ಕೆಳಗಿನ ತಗ್ಗು ದೊಡ್ಡಪ್ಪನಿಗೆ ಹೋಯಿತು. ನೀರು ಏರದ ದಿಬ್ಬ ಅಪ್ಪನಿಗೆ ಬಂತು. ನಾಲೆ ತಂದವರು ಗೌಡರು ಅಂತ ದೊಡ್ಡಪ್ಪನ ಲೆಕ್ಕ. ನೆಲ ಕೊಟ್ಟವರು ಅರಸು, ಅರಸು ಅವರನ್ನು ತಂದು ಕೂರಿಸಿದ್ದು ಇಂದಿರಮ್ಮ ಅಂತ ಅಪ್ಪನ ಲೆಕ್ಕ. ಹೀಗೆ ಒಂದೇ ಅವ್ವನ ಇಬ್ಬರು ಮಕ್ಕಳಲ್ಲಿ ಒಬ್ಬರು ತೆನೆ, ಒಬ್ಬರು ಕೈ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಅವರ ದಿಬ್ಬವೂ ನನಗೆ ಬಂತು, ಅವರ ಕೈಯೂ ನನಗೇ ಬಂತು.

ಮನೆಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ವೋಟಿನ ದಿನ ಅವರು ಇಸ್ತ್ರಿ ಅಂಗಿ ಹಾಕುತ್ತಾರೆ. ಮದುವೆಗೂ ಅಷ್ಟು ಶಿಸ್ತಿಲ್ಲ.

"ಬಂದಾ? ನಿಂಗೋಸ್ಕರನೇ ಕಾಯ್ತಿದ್ದೆ. ನಡಿ, ಬಿಸ್ಲು ಏರೋಕೆ ಮುಂಚೆ ಹಾಕ್ಬಿಟ್ಟು ಬರಣ."

ನನಗೆ ತಡೆಯಲಿಲ್ಲ. ಕೈಕಾಲು ತೊಳೆಯುವ ಮೊದಲೇ ಕೇಳಿಬಿಟ್ಟೆ. "ದೊಡ್ಡಪ್ಪ, ಇಷ್ಟೆಲ್ಲಾ ಆದ್ಮೇಲೂ ಅವನಿಗೇ ಹಾಕ್ತೀರಾ?"

ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅದೆಲ್ಲ ಸುಳ್ಳು, ವಿರೋಧಿಗಳು ಮಾಡಿಸಿದ್ದು ಅನ್ನುತ್ತಾರೆ ಅಂತಲೂ ಅಂದುಕೊಂಡಿದ್ದೆ. ಅದಕ್ಕೆ ಏನು ಹೇಳಬೇಕು ಅಂತ ಬಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಅವರು ಹಾಗೆ ಹೇಳಲೇ ಇಲ್ಲ.

"ಆ ಹುಡ್ಗ ಸರಿ ಇಲ್ಲ ಅಂತ ನಂಗೆ ನಿನಗಿಂತ ಮುಂಚೆ ಗೊತ್ತು ಕಣ್ಲಾ. ನಾನ್ ಹಾಕೋದು ಅವ್ನಿಗಲ್ಲ, ಗೌಡ್ರಿಗೆ."

"ಗೌಡ್ರು ಮಿಷಿನ್‌ನಲ್ಲಿ ಇಲ್ವಲ್ಲ?"

"ನಿಮ್ಮಪ್ಪ ಸಾಯೋಗಂಟ ಇಂದಿರಮ್ಮಂಗೆ ಹಾಕ್ತಿರ್ಲಿಲ್ವಾ? ಆಯಮ್ಮ ಯಾವ್ ಮಿಷಿನ್‌ನಲ್ಲಿದ್ಲು?"

ಒಳಗಿನಿಂದ ದೊಡ್ಡಮ್ಮ ನಕ್ಕಿದ್ದು ಕೇಳಿಸಿತು. ದೊಡ್ಡಪ್ಪ ಅಷ್ಟಕ್ಕೇ ಬಿಡಲಿಲ್ಲ. ಎಮರ್ಜೆನ್ಸಿ ತೆಗೆದರು. ಗೌಡರನ್ನು ಜೈಲಿಗೆ ಹಾಕಿದ್ದು ಯಾರು, ಅದಾದ ಮೇಲೂ ನಿಮ್ಮಪ್ಪ ಯಾರಿಗೆ ಒತ್ತಿದ ಅಂತ ಕೇಳಿದರು. ಉತ್ತರ ನನಗೂ ಗೊತ್ತಿತ್ತು. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟನ್ನು ಅದಕ್ಕೇ ಕೊಟ್ಟಿತ್ತು. ಉಳಿದ ಎರಡರಲ್ಲಿ ಹಾಸನ ಒಂದು. ಮರುವರ್ಷ ಪಕ್ಕದ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ದೆಹಲಿಗೆ ಕಳಿಸಿತು. ಅಪ್ಪನಿಗೆ ಎಮರ್ಜೆನ್ಸಿ ತಪ್ಪು ಅಂತ ಗೊತ್ತಿರಲಿಲ್ಲ ಅಂತಲ್ಲ. ಆದರೆ ಮನೆಯಲ್ಲಿ ಟ್ರಂಕಿನೊಳಗೆ ಟ್ರಿಬ್ಯೂನಲ್ ಆದೇಶದ ಕಾಗದ ಇತ್ತು.

ಶಾಲೆ ಹತ್ತಿರ ನಡೆದು ಹೋದೆವು. ಗೇಟಿನಿಂದ ದೂರದಲ್ಲಿ ಎರಡು ಟೇಬಲ್. ಒಂದರಲ್ಲಿ ಹಸಿರು ಶಾಲು, ಕೇಸರಿ ಶಾಲು ಅಕ್ಕಪಕ್ಕ ಕೂತು ವೋಟರ್ ಚೀಟಿ ಹುಡುಕಿಕೊಡುತ್ತಿದ್ದವು. ನನಗೆ ನಗು ಬಂತು. ಕೇಸರಿ ಶಾಲಿನವನು ನನ್ನ ಕ್ಲಾಸ್‌ಮೇಟ್. 2007ರಲ್ಲಿ ಒಪ್ಪಂದದ 20 ತಿಂಗಳು ಮುಗಿದ ಮೇಲೂ ಜೆಡಿಎಸ್ಸಿನ ಕುಮಾರಸ್ವಾಮಿ ಮುಖ್ಯಮಂತ್ರಿ ಕುರ್ಚಿ ಬಿಡಲಿಲ್ಲ ಅಂತ ಬಿಜೆಪಿಯವರು 'ವಚನಭ್ರಷ್ಟರು' ಎಂದು ಊರೂರು ಸಾರಿದರಲ್ಲ, ಆಗ ನಮ್ಮೂರ ಅರಳಿಕಟ್ಟೆ ಮೇಲೆ ಆ ಮಾತನ್ನು ಬಳಿದವನು ಅವನೇ. ಅದರ ಮರುವರ್ಷ ಬಿಜೆಪಿ 110 ಸೀಟು ಗೆದ್ದಾಗ ಇವನು ಪಟಾಕಿ ಹೊಡೆದಿದ್ದ. "ಏನೋ ಇದು?" ಅಂದೆ. "ಮೇಲಿನೋರು ಒಂದಾದ್ರು, ನಾವೇನ್ ಮಾಡಣ" ಅಂದ. ನಾಚಿಕೆಯೇನೂ ಇರಲಿಲ್ಲ. ಸಂಬಂಧದವರ ಜಗಳ ರಾಜಿಯಾದ ಮೇಲೆ ಊಟಕ್ಕೆ ಕೂತವನ ಹಾಗಿದ್ದ.

ಇದಕ್ಕಿಂತ ದೊಡ್ಡ ತಮಾಷೆ ನಮ್ಮ ಜಿಲ್ಲೆಯಲ್ಲೇ ಇದೆ. ಕಾಂಗ್ರೆಸ್ಸಿನಲ್ಲಿ ಮಂತ್ರಿಯಾಗಿದ್ದ ಎ. ಮಂಜು 2019ರಲ್ಲಿ ಬಿಜೆಪಿಯಿಂದ ಪ್ರಜ್ವಲ್ ಎದುರು ನಿಂತು ಸೋತರು. ಅಫಿಡವಿಟ್ ಸುಳ್ಳು ಅಂತ ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಪ್ರಜ್ವಲ್ ಆಯ್ಕೆಯನ್ನು ಅಸಿಂಧು ಮಾಡಿತು. ಅಷ್ಟು ಹೊತ್ತಿಗೆ ಮಂಜು ಜೆಡಿಎಸ್ಸಿನ ಶಾಸಕರಾಗಿದ್ದರು! ತಾವೇ ಹಾಕಿದ ಕೇಸು ಗೆದ್ದರೂ ಲಾಡು ಹಂಚುವಂತಿರಲಿಲ್ಲ ಪಾಪ. ಆಮೇಲೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು, ಪ್ರಜ್ವಲ್ ಮತ್ತೆ ಕಣಕ್ಕಿಳಿದರು.

ಕಾಂಗ್ರೆಸ್ ಟೇಬಲ್‌ನಲ್ಲಿ ಇದ್ದವರು ನನಗೆ ಚಿಕ್ಕಪ್ಪನ ವರಸೆ. ನನ್ನ ಚೀಟಿ ಕೊಡುತ್ತಾ, "ಈ ಸಲ ಕೆಡುಕರಿಗೆ ಬುದ್ಧಿ ಕಲಿಸ್ಬೇಕು ಮಗ" ಅಂದರು. ಹೂಂ ಅಂದೆ. ಸಾಲಿನಲ್ಲಿ ನಿಂತ ಮೇಲೆ ನೆನಪಾಯಿತು. ಐದು ವರ್ಷದ ಹಿಂದೆ ಇದೇ ಚಿಕ್ಕಪ್ಪ, ಇದೇ ಜಾಗದಲ್ಲಿ, ಇದೇ ಪ್ರಜ್ವಲ್‌ಗೆ ವೋಟು ಹಾಕಿಸಿದ್ದರು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ. ಹಾಸನ ಜೆಡಿಎಸ್‌ಗೆ ಹೋಗಿತ್ತು, ಮಿಷಿನ್‌ನಲ್ಲಿ ಕೈ ಗುರುತೇ ಇರಲಿಲ್ಲ. ಮೋದಿಯನ್ನು ತಡೆಯಬೇಕು ಅಂತ ಹೇಳಿಕೊಂಡು ನಾನೂ ತೆನೆ ಹೊತ್ತ ಹೆಂಗಸಿನ ಬಟನ್ ಒತ್ತಿದ್ದೆ. ಅಂದರೆ ಆ 1.41 ಲಕ್ಷದ ಗೆಲುವಿನಲ್ಲಿ ನನ್ನದೂ ಒಂದು ವೋಟಿತ್ತು. ದೊಡ್ಡಪ್ಪ ಅವತ್ತು ಬೆನ್ನು ತಟ್ಟಿ ಜಿಲೇಬಿ ಕೊಡಿಸಿದ್ದರು. ಬೆಳಗ್ಗೆ ನಾನು ಅಷ್ಟು ಮಾತಾಡಿದಾಗಲೂ ಅವರು ಅದನ್ನು ಎತ್ತಲಿಲ್ಲ. ಮರೆತಿದ್ದರೋ, ಉಳಿಸಿಕೊಂಡರೋ ಗೊತ್ತಿಲ್ಲ.

ಒಳಗೆ ಹೋದೆ. ಕೈ ಒತ್ತಿದೆ. ವಿವಿಪ್ಯಾಟ್‌ನಲ್ಲಿ ಚೀಟಿ 7 ಸೆಕೆಂಡ್ ಕಾಣಿಸಿ ಬಿತ್ತು. ನನಗೆ ಯೋಚನೆ ಮಾಡುವುದೇನೂ ಇರಲಿಲ್ಲ, ಆ ಸಲ ಹೊಲಸು ಆ ಕಡೆಯಲ್ಲಿತ್ತು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ದೊಡ್ಡಪ್ಪ ಉಂಡು ಮಲಗಿದರು. ದೊಡ್ಡಮ್ಮನ ಹತ್ತಿರ ಮೆಲ್ಲಗೆ ಕೇಳಿದೆ, ನೀವು ಯಾರಿಗೆ ಹಾಕಿದ್ರಿ ಅಂತ. ಅವರಿಗೆ ತಿಂಗಳಿಗೆ 2,000 ಗೃಹಲಕ್ಷ್ಮಿ ಬರುತ್ತದೆ. ಧರ್ಮಸ್ಥಳಕ್ಕೂ ಫ್ರೀ ಬಸ್ಸಿನಲ್ಲಿ ಎರಡು ಸಲ ಹೋಗಿ ಬಂದಿದ್ದಾರೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ತಟ್ಟೆ ಎತ್ತುತ್ತಾ ಬೇರೆ ಏನೋ ಕೇಳಿದರು.

"ಅದ್ರಲ್ಲಿ ಆ ಹೆಣ್ಮಕ್ಕಳ ಮುಖ ಕಾಣ್ಸುತ್ತಂತೆ, ಹೌದಾ?"

"ಹೌದಂತೆ."

"ಅದ್ನ ಹಂಚಿದೋರು ಒಳ್ಳೇದು ಮಾಡೋರಾಗಿದ್ರೆ ಮುಖ ಮುಚ್ತಿರ್ಲಿಲ್ವಾ? ಅವ್ರ ಮನೇಲಿ ಗಂಡ ಇದಾನೆ, ಬೆಳ್ದಿರೋ ಮಕ್ಕಳವ್ರೆ. ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ನಾನು ಸುಮ್ಮನಿದ್ದೆ. ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಅದು ಬಂದಿತ್ತು. ಕಳಿಸಿದವನು ನಮ್ಮ ಪಾರ್ಟಿಯವನು. ಮೇಲೆ "ಎಲ್ಲರಿಗೂ ತಲುಪಲಿ" ಅಂತ ಬರೆದಿದ್ದ. ನಾನು ತೆರೆದು ನೋಡಿರಲಿಲ್ಲ, ನಿಜ. ಆದರೆ ಯಾಕೋ ಕಳಿಸಿದೆ ಅಂತ ಕೇಳಿಯೂ ಇರಲಿಲ್ಲ. ಇನ್ನೂ ನಾಲ್ಕು ಜನಕ್ಕೆ ತಲುಪಿದರೆ ನಮಗೇ ಲಾಭ ಅಂತ ಒಳಗೆಲ್ಲೋ ಅನ್ನಿಸಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಜೂನ್ 4ಕ್ಕೆ ಫಲಿತಾಂಶ. ಶ್ರೇಯಸ್ ಪಟೇಲ್ 42,649 ವೋಟಿನಿಂದ ಗೆದ್ದರು. 25 ವರ್ಷದ ಮೇಲೆ ಹಾಸನ ಕಾಂಗ್ರೆಸ್ಸಿಗೆ ಬಂದಿತ್ತು. ಆಫೀಸಿನಲ್ಲಿ ಸ್ವೀಟ್ ಹಂಚಿದೆ. ಆದರೆ ಸೋತವರಿಗೂ 6.3 ಲಕ್ಷ ವೋಟು ಬಿದ್ದಿತ್ತು. 2019ರಲ್ಲಿ ಕಾಂಗ್ರೆಸ್ಸಿನ ಬೆಂಬಲವೂ ಸೇರಿ ಬಂದದ್ದು 6.76 ಲಕ್ಷ. ಈ ಸಲ ಕಾಂಗ್ರೆಸ್ ಹೋಗಿ ಬಿಜೆಪಿ ಬಂದಿತ್ತು, ಜೊತೆಗೆ ಪೆನ್‌ಡ್ರೈವ್ ಬಂದಿತ್ತು. ಕಡಿಮೆಯಾದದ್ದು 46 ಸಾವಿರದಷ್ಟು. ಅಷ್ಟೂ ಜನ ಮೂರ್ಖರು ಅಂತ ಟೀ ಅಂಗಡಿಯಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಅಂದಾಗ ನಾನು ತಲೆ ಆಡಿಸಲಿಲ್ಲ. ದೊಡ್ಡಪ್ಪನ ಇಸ್ತ್ರಿ ಅಂಗಿ ಕಣ್ಣಿಗೆ ಬಂತು.

ಜುಲೈನಲ್ಲಿ ದೊಡ್ಡಪ್ಪನ ಫೋನ್ ಬಂತು. ಸಾಮಾನ್ಯವಾಗಿ ಅವರು ತೆಂಗಿನಕಾಯಿ ರೇಟು, ಮಳೆ, ಇಷ್ಟನ್ನು ದಾಟಿ ಮಾತಾಡುವವರಲ್ಲ. ಅವತ್ತು ದನಿಯಲ್ಲೇ ಒಂದು ಖುಷಿ ಇತ್ತು.

"ಏನ್ಲಾ, ನಿಮ್ಮೋರ್ದು 187 ಕೋಟಿಯಂತೆ?"

ವಾಲ್ಮೀಕಿ ನಿಗಮದ ವಿಷಯ. ಪರಿಶಿಷ್ಟ ಪಂಗಡದವರ ಅಭಿವೃದ್ಧಿಗೆ ಇಟ್ಟ ದುಡ್ಡು ಎಲ್ಲೆಲ್ಲೋ ಹೋಗಿತ್ತು. ನಿಗಮದ ಅಧಿಕಾರಿಯೊಬ್ಬರು ಮೇ ಕೊನೆಯಲ್ಲಿ ಪತ್ರ ಬರೆದಿಟ್ಟು ಶಿವಮೊಗ್ಗದಲ್ಲಿ ಪ್ರಾಣ ಕಳೆದುಕೊಂಡಿದ್ದರು. ಸಚಿವ ನಾಗೇಂದ್ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಆ ವಾರ ವಿಧಾನಸಭೆಯಲ್ಲಿ ಅದೇ ಗಲಾಟೆ.

ನಾನು ಯೋಚನೆಯನ್ನೇ ಮಾಡದೆ ಹೇಳಿದೆ, "187 ಅಲ್ಲ ದೊಡ್ಡಪ್ಪ, 89."

ಆ ಕಡೆ ಸದ್ದಿಲ್ಲ. ನಾನೇ ಮುಂದುವರಿಸಿದೆ. ಮುಖ್ಯಮಂತ್ರಿಗಳೇ ಸದನದಲ್ಲಿ ಹೇಳಿದ್ದಾರೆ, ಮಂತ್ರಿ ರಾಜೀನಾಮೆ ಕೊಟ್ಟಾಯ್ತು, ಎಸ್‌ಐಟಿ ಇದೆ, ಇ.ಡಿ.ಯನ್ನ ಕೇಂದ್ರದವರು ಬೇಕಂತಲೇ ಬಿಟ್ಟಿದ್ದಾರೆ, ಬ್ಯಾಂಕಿನವರದೂ ಕೈವಾಡ ಇದೆ. ಒಂದೇ ಉಸಿರಿಗೆ. ಎಲ್ಲಿ ಓದಿದ್ದೆನೋ, ಯಾರು ಕಳಿಸಿದ್ದರೋ, ಎಲ್ಲ ನಾಲಿಗೆ ತುದಿಯಲ್ಲಿತ್ತು. ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ ಬಹುಶಃ. ಆದರೆ 2022ರಲ್ಲಿ ಆಗಿನ ಬಿಜೆಪಿ ಸರ್ಕಾರದ ಕಮಿಷನ್ ಬಗ್ಗೆ '40 ಪರ್ಸೆಂಟ್' ಕೂಗು ಎದ್ದಾಗ ಅದು 40ಓ 25ಓ ಅಂತ ನಾನು ಒಂದು ದಿನವೂ ಲೆಕ್ಕ ಕೇಳಿದವನಲ್ಲ. ಪೇಸಿಎಂ ಪೋಸ್ಟರ್ ಬಂದ ದಿನವೇ ಅದನ್ನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದೆ. ತನಿಖೆ ಮುಗಿಯಲಿ ಅಂತ ಯಾರಾದರೂ ಅಂದರೆ ಅವರ ಮೇಲೆ ಹರಿಹಾಯುತ್ತಿದ್ದೆ.

"ಸರಿ ಬಿಡು ಮಗ. 89 ತಾನೇ" ಅಂದರು ದೊಡ್ಡಪ್ಪ. ಆಮೇಲೆ ನಕ್ಕರು. ವ್ಯಂಗ್ಯದ ನಗು ಅಲ್ಲ. ತನ್ನ ಹಾಗೇ ಇನ್ನೊಬ್ಬ ಸಿಕ್ಕನಲ್ಲ ಅನ್ನುವ ನಗು. "ಕಾಯಿ ಕೀಳ್ಸೋದು ಸೋಮವಾರ. ದುಡ್ಡು ಕಳಿಸ್ತಿಯಾ?"

ಕಳಿಸಿದೆ.

ಅದಾಗಿ ಒಂದು ವರ್ಷದ ಮೇಲೆ, 2025ರ ಆಗಸ್ಟ್ 2, ಶನಿವಾರ. ನಾನು ಊರಲ್ಲೇ ಇದ್ದೆ. ಮನೆಗೆಲಸದ ಹೆಂಗಸೊಬ್ಬರ ಮೇಲಿನ ಅತ್ಯಾಚಾರದ ಕೇಸಿನಲ್ಲಿ ಪ್ರಜ್ವಲ್‌ಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದ್ದು ಟಿವಿಯಲ್ಲಿ ಬರುತ್ತಿತ್ತು. ಒಂದು ವರ್ಷ ಮುಂಚೆ ಆಗಿದ್ದರೆ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದೆ. ರಿಮೋಟು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ದೊಡ್ಡಪ್ಪ ಪೂರ್ತಿ ನೋಡಿದರು. "ಗೌಡ್ರಿಗೆ ಈ ವಯಸ್ಸಲ್ಲಿ ಇದು ಬೇಕಾಗಿತ್ತಾ" ಅಂದು ಟವಲ್ ಹೆಗಲ ಮೇಲೆ ಹಾಕಿಕೊಂಡು ತೋಟದ ಕಡೆ ಹೋದರು.

ದೊಡ್ಡಮ್ಮ ಬಾಗಿಲ ಹತ್ತಿರ ಅವರೆ ಬೀಜ ಆರಿಸುತ್ತಾ ಕೂತಿದ್ದರು. ಮೊರದಿಂದ ತಲೆ ಎತ್ತದೆ ಕೇಳಿದರು.

"ಆಯಮ್ಮ ಈಗ ಎಲ್ಲವ್ಳಂತೆ? ಅವ್ಳ ಊರಲ್ಲೇ ಅವ್ಳಾ?"

ಗೊತ್ತಿಲ್ಲ ದೊಡ್ಡಮ್ಮ ಅಂದೆ.