ಮಗು ಎದ್ದರೂ ಕೆಡದ ಕೆಲಸಗಳು: ಖಾರಾ ಬನ್, ಉಪ್ಪಿನ ಕಣಕ, ಕಸೂತಿ

ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗ ಹೊಸ ಹವ್ಯಾಸಕ್ಕೆ ಕೈ ಹಾಕುವವರು ಮೊದಲು ಹುಡುಕುವುದು ಸುಲಭವಾದದ್ದನ್ನು. ಕೇಕ್ ಸುಲಭ, ಬ್ರೆಡ್ ಕಷ್ಟ ಅನ್ನುವುದು ಎಲ್ಲರ ಲೆಕ್ಕ. ಮಕ್ಕಳಿರುವ ಮನೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಡುಗೆ ಸೋಡಾ ಮೊಸರಿಗೆ ತಾಗಿದ ಕ್ಷಣದಿಂದಲೇ ಗುಳ್ಳೆ ಏಳಲು ಶುರು. ಆ ಹಿಟ್ಟು ಅರ್ಧ ಗಂಟೆ ಕಟ್ಟೆಯ ಮೇಲೆ ಕೂತರೆ ಗಾಳಿಯೆಲ್ಲ ಹೊರಗೆ ಹೋಗಿ ಕೇಕ್ ಇಡ್ಲಿಗಿಂತ ಗಟ್ಟಿಯಾಗುತ್ತದೆ. ಯೀಸ್ಟ್ ಹಾಕಿದ ಕಣಕವಾದರೆ ಹೆಚ್ಚುಕಡಿಮೆ ಯಾವ ಹಂತದಲ್ಲಿ ಬೇಕಾದರೂ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು ಮಗುವನ್ನು ಎತ್ತಿಕೊಳ್ಳಲು ಹೋಗಬಹುದು. ಹಾಗಾಗಿ ಯಾವ ಹವ್ಯಾಸಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಈಗಿಂದೀಗ ಬಿಟ್ಟು ಎದ್ದರೆ ಏನು ಕೆಡುತ್ತದೆ?

ಈ ಪರೀಕ್ಷೆಯಲ್ಲಿ ಪಾಸಾಗುವ ಬೇಕಿಂಗ್‌ನಲ್ಲಿ ನನ್ನ ಮೊದಲ ಆಯ್ಕೆ ಅಯ್ಯಂಗಾರ್ ಬೇಕರಿಯ ಖಾರಾ ಬನ್. ಸುಮಾರು 10 ಬನ್‌ಗೆ ಅಳತೆ ಹೀಗೆ: ಮೈದಾ 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಉಪ್ಪು 6 ಗ್ರಾಂ, ಸಕ್ಕರೆ 20 ಗ್ರಾಂ, ಹಾಲು 120 ಮಿ.ಲೀ., ನೀರು 70 ಮಿ.ಲೀ., ಬೆಣ್ಣೆ 30 ಗ್ರಾಂ. ಒಳಗೆ ಹಾಕಲು ಒಂದು ದೊಡ್ಡ ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಸ್ವಲ್ಪ ಜೀರಿಗೆ. ಸಬ್ಬಸಿಗೆ ಸೊಪ್ಪು ಹಿಡಿಸುವವರು ಒಂದು ಹಿಡಿ ಸೇರಿಸಬಹುದು. ಒಂದು ಡಿಜಿಟಲ್ ತಕ್ಕಡಿ ಮಾತ್ರ ಬೇಕೇ ಬೇಕು. ಒಂದೇ ಕಪ್‌ಗೆ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 140 ದಾಟುತ್ತದೆ. ಎರಡೂವರೆ ಕಪ್‌ಗೆ ಇದು 50 ಗ್ರಾಂ ವ್ಯತ್ಯಾಸ, ಮೃದು ಬನ್ ಕಲ್ಲಾಗಲು ಅಷ್ಟು ಸಾಕು.

ರಾತ್ರಿ ಕಲಸಿ ಬೆಳಿಗ್ಗೆ ಸುಡುವುದು ಎಲ್ಲಕ್ಕಿಂತ ಅನುಕೂಲ. ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಹಸಿ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಮುಚ್ಚಿ, 20ರಿಂದ 30 ನಿಮಿಷ ಬಿಡಿ. ಈ ಹೊತ್ತಿನಲ್ಲಿ ಮೈದಾದ ಅಂಟು ತಾನಾಗಿಯೇ ಕೂಡಿಕೊಳ್ಳುತ್ತದೆ. ಒಂದೇ ಸಮನೆ 12 ನಿಮಿಷ ನಾದಬೇಕಾದ ಕಡೆ 5 ನಿಮಿಷ ಸಾಕಾಗುತ್ತದೆ. ಆಮೇಲೆ ಬೆಣ್ಣೆ ಸೇರಿಸಿ ನಾದಿ. ಶುರುವಿನಲ್ಲಿ ಕೈಗೆ ಮೆತ್ತುತ್ತದೆ, ಹೆದರಿ ಹಿಟ್ಟು ಉದುರಿಸಬೇಡಿ. ಕೈಗೆ ಎಣ್ಣೆ ಸವರಿಕೊಂಡು ಇನ್ನೂ ಎರಡು ನಿಮಿಷ ನಾದಿದರೆ ಕಣಕ ಬಟ್ಟಲು ಬಿಡುತ್ತದೆ. ಚಿಟಿಕೆಯಷ್ಟು ಕಣಕ ಹಿಡಿದು ಎಳೆದಾಗ ಹರಿಯದೆ ಬೆರಳು ಕಾಣುವಷ್ಟು ತೆಳುವಾದರೆ ಹದ ಬಂತು ಅಂತ ಅರ್ಥ. ಎಣ್ಣೆ ಸವರಿದ, ಕಣಕಕ್ಕಿಂತ ಎರಡು ಪಟ್ಟು ದೊಡ್ಡದಾದ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ. 8ರಿಂದ 16 ಗಂಟೆ ಆರಾಮಾಗಿ ಇರುತ್ತದೆ. ಒಂದು ದಿನ ದಾಟಿದರೆ ಹುಳಿ ಏರಿ, ಅಂಟು ಸಡಿಲವಾಗಿ, ಕಣಕ ಹರಡತೊಡಗುತ್ತದೆ.

ಈರುಳ್ಳಿಯನ್ನು ರಾತ್ರಿಯೇ ಸೇರಿಸಬೇಡಿ. ಉಪ್ಪಿರುವ ಕಣಕದಲ್ಲಿ ಹಸಿ ಈರುಳ್ಳಿ ನೀರು ಬಿಡುತ್ತಲೇ ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಡಬ್ಬಿಯ ತಳದಲ್ಲಿ ರಾಡಿ. ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಮೆಣಸಿನಕಾಯಿ, ಕರಿಬೇವಿನ ಜೊತೆ ಈರುಳ್ಳಿಯನ್ನು ನೀರಾರುವವರೆಗೆ ಬಾಡಿಸಿ, ಪೂರ್ತಿ ತಣ್ಣಗಾಗಿಸಿ ಬೇರೆ ಡಬ್ಬಿಯಲ್ಲಿಡಿ. ಬೆಳಿಗ್ಗೆ ಕಣಕವನ್ನು ಕೈಯಲ್ಲಿ ಚಪ್ಪಟೆ ತಟ್ಟಿ, ಮೊದಲು ಮಕ್ಕಳ ಪಾಲಿನ ಮೂರನೇ ಒಂದು ಭಾಗ ತೆಗೆದಿಟ್ಟು, ಉಳಿದದ್ದರ ಮೇಲೆ ಒಗ್ಗರಣೆಯನ್ನೂ ಕೊತ್ತಂಬರಿಯನ್ನೂ ಹರಡಿ ಮೂರು ನಾಲ್ಕು ಸಲ ಮಡಚಿ. 60 ಗ್ರಾಂ ತೂಕದ ಉಂಡೆ ಮಾಡಿ ತಟ್ಟೆಯಲ್ಲಿ ಎರಡು ಬೆರಳು ಅಂತರ ಬಿಟ್ಟು ಜೋಡಿಸಿ. ಫ್ರಿಜ್‌ನ ತಂಪು ಇಳಿದು ಉಬ್ಬಲು ಒಂದು ಗಂಟೆ ಬೇಕು. ಚಳಿಗಾಲದಲ್ಲಿ ಒಂದೂವರೆಯೂ ಆಗಬಹುದು. ಗಡಿಯಾರ ನೋಡುವುದಕ್ಕಿಂತ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ: ಗುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು, ನಿಧಾನವಾಗಿ ಅರ್ಧ ತುಂಬಿದರೆ ಓವನ್‌ಗೆ ಸರಿ, ತುಂಬದೆ ಹಾಗೇ ಉಳಿದರೆ ಹೊತ್ತು ಮೀರಿದೆ.

ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ ಕಡೆಯ ಅಡುಗೆಮನೆಗಳಲ್ಲಿ, ಹೀಗೆ ಮೀರುವುದೇ ಹೆಚ್ಚು. ಹೊತ್ತು ಮೀರಿದ ಬನ್ ಓವನ್‌ನಲ್ಲಿ ಏರದೆ ಮೇಲ್ಮೈ ಸುಕ್ಕಾಗಿ ಕುಸಿಯುತ್ತದೆ. ಅದನ್ನು ಎಸೆಯುವ ಅಗತ್ಯವಿಲ್ಲ. ಗಾಳಿ ಅದುಮಿ ಮತ್ತೆ ಉಂಡೆ ಕಟ್ಟಿದರೆ ಅರ್ಧ ಗಂಟೆಯಲ್ಲಿ ಇನ್ನೊಮ್ಮೆ ಉಬ್ಬುತ್ತದೆ. ಅಷ್ಟೂ ವ್ಯವಧಾನ ಇಲ್ಲದಿದ್ದರೆ ತಟ್ಟೆಗೆ ಎಣ್ಣೆ ಸವರಿ ಎಲ್ಲವನ್ನೂ ಒಟ್ಟಿಗೆ ಚಪ್ಪಟೆ ತಟ್ಟಿ ಸುಡಿ, ಒಳ್ಳೆಯ ಖಾರಾ ರೊಟ್ಟಿಯಾಗುತ್ತದೆ. ಕಣಕ ಸ್ವಲ್ಪವೂ ಏಳದಿದ್ದರೆ ಯೀಸ್ಟ್ ಸತ್ತಿದೆ. ಒಡೆದ ಪೊಟ್ಟಣವನ್ನು ಕ್ಲಿಪ್ ಹಾಕಿ ಕಪಾಟಿನಲ್ಲಿಟ್ಟರೆ ನಮ್ಮ ಹವೆಗೆ ಬೇಗ ಹಾಳಾಗುತ್ತದೆ. ಗಾಳಿಯಾಡದ ಬಾಟಲಿಗೆ ಸುರಿದು ಫ್ರೀಜರ್‌ನಲ್ಲಿಡಿ. ಅನುಮಾನ ಬಂದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ. 10 ನಿಮಿಷದಲ್ಲಿ ನೊರೆ ಬರದಿದ್ದರೆ ಮೈದಾ ದಂಡ ಮಾಡಬೇಡಿ.

ಸುಡಲು 190 ಡಿಗ್ರಿ, 15ರಿಂದ 18 ನಿಮಿಷ, ಓವನ್‌ನ ಮೇಲಿನ, ಕೆಳಗಿನ ಎರಡೂ ರಾಡ್ ಕಾಯುತ್ತಿರಲಿ. ಮೊದಲೇ 10-15 ನಿಮಿಷ ಕಾಯಿಸಿಟ್ಟಿರಬೇಕು. ಮೇಲೆ ಹಾಲು ಸವರಿದರೆ ಬಣ್ಣ ಬರುತ್ತದೆ. ಓಟಿಜಿಯ (ಕಟ್ಟೆಯ ಮೇಲಿಡುವ ಚಿಕ್ಕ ಕರೆಂಟ್ ಓವನ್) ಗುಂಡಿಯಲ್ಲಿ ಬರೆದಿರುವ ಡಿಗ್ರಿಯನ್ನು ನಂಬಬೇಡಿ, 20 ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗೆ ತೂಗುಹಾಕುವ ಅಗ್ಗದ ಓವನ್ ಥರ್ಮಾಮೀಟರ್ ಇದ್ದರೆ ನಿಜ ಗೊತ್ತಾಗುತ್ತದೆ. ತಲೆ ಕಪ್ಪಗಾಗಿ ತಳ ಬಿಳಿ ಉಳಿದರೆ ತಟ್ಟೆ ಮೇಲಿನ ರಾಡ್‌ಗೆ ಹತ್ತಿರವಿದೆ, ಒಂದು ಮೆಟ್ಟಿಲು ಇಳಿಸಿ. ಶಾಖ ಕಡಿಮೆಯಿಟ್ಟು ಜಾಸ್ತಿ ಹೊತ್ತು ಸುಟ್ಟರೆ ಒಣಗಿ ರಸ್ಕ್ ಆಗುತ್ತದೆ. ಹೊರಗೆ ತೆಗೆದ ಕೂಡಲೇ ಬೆಣ್ಣೆ ಸವರಿ ಐದು ನಿಮಿಷ ಬಟ್ಟೆ ಮುಚ್ಚಿ. ಬೇಕರಿ ಬನ್‌ನ ಆ ಮೆತ್ತನೆಯ ಹೊರಪದರ ಹಾಗೆಯೇ ಬರುವುದು.

ಓಟಿಜಿ ಕೊಳ್ಳುವಾಗ ಲೀಟರ್ ಕೇಳುವಷ್ಟೇ ವ್ಯಾಟ್ ಕೂಡ ಕೇಳಿ. 1500 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್, 2000 ವ್ಯಾಟ್ ಎಂದರೆ 8.7. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಪ್ಲಗ್ ಕರಗಬಹುದು. 16 ಆಂಪಿಯರ್ ಸಾಕೆಟ್ ಇರುವ ಕಟ್ಟೆಯೇ ಅದರ ಜಾಗ. ಗಾಜಿನ ಬಾಗಿಲು, ಎರಡು ಬದಿ, ಮೇಲ್ಭಾಗ ಎಲ್ಲವೂ ಕೈ ಸುಡುವಷ್ಟು ಕಾಯುತ್ತವೆ, ಆಫ್ ಮಾಡಿದ ಮೇಲೂ ಅರ್ಧ ಗಂಟೆ ಬಿಸಿ ಇರುತ್ತದೆ. ಅಂಚಿನಿಂದ ಹಿಂದಕ್ಕೆ ತಳ್ಳಿ, ಆದರೆ ಗೋಡೆಗೆ ತಾಗಿಸಬೇಡಿ. ವೈರ್ ಕಟ್ಟೆಯಿಂದ ಕೆಳಗೆ ಜೋತಾಡಬಾರದು. ಒಂದೂವರೆ ವರ್ಷದ ಮಗು ಮೊದಲು ಎಳೆಯುವುದೇ ಅದನ್ನು.

ಕೇಕ್ ಮಾಡಲೇಬೇಕೆಂದರೆ ಕೆಲಸವನ್ನು ಎರಡು ತುಂಡು ಮಾಡಿ. ಮೈದಾ 190 ಗ್ರಾಂ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು ಜರಡಿ ಹಿಡಿದು ಬಾಟಲಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಮೊಸರು 240 ಗ್ರಾಂ, ಸಕ್ಕರೆ 150 ಗ್ರಾಂ, ಎಣ್ಣೆ 120 ಮಿ.ಲೀ., ಏಲಕ್ಕಿ ಬೆರೆಸಿ ಫ್ರಿಜ್‌ನಲ್ಲಿಡಿ, ಸುಡುವುದಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಓವನ್ ಕಾದು, ಟಿನ್‌ಗೆ ಕಾಗದ ಹಾಕಿ ಆದ ಮೇಲಷ್ಟೇ ಎರಡನ್ನೂ ಕೂಡಿಸುವುದು. 180 ಡಿಗ್ರಿ, 7 ಇಂಚಿನ ಟಿನ್, 35 ನಿಮಿಷದ ಆಸುಪಾಸು. ಸೋಡಾ ಧಾರಾಳವಾದರೆ ಸಾಬೂನಿನ ರುಚಿ ಬರುತ್ತದೆ, ಅಷ್ಟೇ ಎಚ್ಚರ.

ಮಕ್ಕಳ ಕೈಗೆ ಏನು ಕೊಡುವುದು? ಎರಡು ವರ್ಷದವರಿಗೆ ಅಳೆದಿಟ್ಟ ಹಿಟ್ಟು ಸುರಿಯುವುದು, ಮೂರಕ್ಕೆ ಹಾಲು ಸವರಿ ಎಳ್ಳು ಉದುರಿಸುವುದು, ಐದಕ್ಕೆ ಉಂಡೆ ಕಟ್ಟುವುದು. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಹಸಿ ಮೈದಾದಲ್ಲೇ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ನೀವು ನಾದುವಾಗ ಆಡಲು ಬೇರೆಯದೇ ಕಣಕ ಇರಲಿ: ಮೈದಾ 1 ಕಪ್, ಉಪ್ಪು ಅರ್ಧ ಕಪ್, ನೀರು 1 ಕಪ್, ನಿಂಬೆರಸ 2 ದೊಡ್ಡ ಚಮಚ, ಎಣ್ಣೆ 1 ಚಮಚ. ಸಣ್ಣ ಉರಿಯಲ್ಲಿ ತಿರುವುತ್ತ ಹೋದರೆ ನಾಲ್ಕೈದು ನಿಮಿಷದಲ್ಲಿ ಗಂಟುಗಂಟಾಗಿ ಬಾಣಲೆ ಬಿಡುತ್ತದೆ. ಬೆಚ್ಚಗಿರುವಾಗ ನಾದಿದರೆ ನುಣ್ಣಗಾಗುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಎರಡು ವಾರ ಬಾಳುತ್ತದೆ. ಬೀಟ್‌ರೂಟ್ ರಸದ ಬಣ್ಣ ಚಂದ, ಆದರೆ ಬೇಗ ಬೂಸ್ಟು ಹಿಡಿಯುತ್ತದೆ. ಅರಿಸಿನ ಹಾಕಿದರೆ ಬಟ್ಟೆಯ ಆಸೆ ಬಿಡಿ. ಅದೇ ಹಳದಿ ಕಣಕಕ್ಕೆ ಅಡುಗೆ ಸೋಡಾ ಕದಡಿದ ನೀರು ತಾಗಿಸಿದರೆ ಕೆಂಪಾಗುವುದನ್ನು ನೋಡಲು ಮಕ್ಕಳು ಸಾಲುಗಟ್ಟುತ್ತಾರೆ ಅನ್ನುವುದು ಬೇರೆ ಮಾತು.

ಒಣಗಿಸಿ ಇಟ್ಟುಕೊಳ್ಳುವ ಗೊಂಬೆ, ಅಂಗೈ ಗುರುತಿಗೆ ಬೇಯಿಸದ ಉಪ್ಪಿನ ಕಣಕ ಬೇಕು. ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ನೀರು ಮುಕ್ಕಾಲು ಕಪ್. 5 ಮಿ.ಮೀ.ಗಿಂತ ದಪ್ಪ ಲಟ್ಟಿಸಬೇಡಿ. 100 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ, ಮಧ್ಯೆ ಒಮ್ಮೆ ಮಗುಚಿ. ಬೇಗ ಆಗಲಿ ಅಂತ ಶಾಖ ಏರಿಸಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನ ಆವಿ ಅದನ್ನು ಉಬ್ಬಿಸಿ ಸೀಳುತ್ತದೆ. ಉಪ್ಪು ಹವೆಯ ತೇವ ಎಳೆಯುವುದರಿಂದ ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಬಣ್ಣ ಹಚ್ಚಿದ ಗೊಂಬೆಯೂ ಮೆತ್ತಗಾಗುತ್ತದೆ. ಆರಿದ ಮೇಲೆ ಎರಡು ಕಡೆಗೂ, ಅಂಚಿಗೂ ವಾರ್ನಿಷ್ ಬಳಿಯಲೇಬೇಕು. ಈ ಕಣಕ ಬಾಯಿಗೆ ಹೋಗದಂತೆ ಕಣ್ಣಿಡಿ, ಅಷ್ಟು ಉಪ್ಪು ಚಿಕ್ಕ ಮಕ್ಕಳಿಗೂ ಮನೆಯ ನಾಯಿಗೂ ಅಪಾಯ.

ಇನ್ನು ದೊಡ್ಡವರಿಗೆಂದೇ ಇರುವ ಕೈಕೆಲಸ. ಹೆಣಿಗೆಯಲ್ಲಿ ಕಡ್ಡಿಯ ಮೇಲೆ ಮೂವತ್ತು ಕುಣಿಕೆ ಒಟ್ಟಿಗೆ ಇರುತ್ತವೆ, ಮಗು ಕಡ್ಡಿ ಎಳೆದರೆ ಮುಗಿಯಿತು. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ ಹಾಕಿ ಎದ್ದರೆ ಏನೂ ಬಿಚ್ಚುವುದಿಲ್ಲ. ಆದರೆ ಈ ವಿಷಯದಲ್ಲಿ ಧಾರವಾಡದ ಕಸೂತಿಯನ್ನು ಮೀರಿಸಿದ್ದು ಇಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ಇದರಲ್ಲಿ ನಾಲ್ಕು ಹೊಲಿಗೆ. ನೆರಿಗೆ, ಸೆರಗಿನ ಗೋಪುರ, ರಥ, ತುಳಸಿಕಟ್ಟೆಗಳಿಗೆ ಆಮೇಲೆ ಹೋಗೋಣ, ಮುರ್ಗಿಯ ಒಂದು ಸಾಲಿನಿಂದ ಶುರುಮಾಡಿ.

14 ಎಣಿಕೆಯ (ಇಂಚಿಗೆ 14 ಚೌಕದ) ಐಡಾ ಬಟ್ಟೆ ಅಥವಾ ಮ್ಯಾಟಿ ಬಟ್ಟೆ (ಎರಡೂ ಚೌಕ ಚೌಕವಾಗಿ ನೇಯ್ದವು), 24 ನಂಬರಿನ ಮೊಂಡು ಸೂಜಿ, ಆರೆಳೆ ದಾರದಲ್ಲಿ ಬಿಡಿಸಿದ ಎರಡೆಳೆ, ಉದ್ದ 45 ಸೆಂ.ಮೀ. ಅದಕ್ಕಿಂತ ಉದ್ದದ ದಾರ ಸಿಕ್ಕುಗಟ್ಟುತ್ತದೆ. ಸೂಜಿ ಮೇಲೆ ಬಂದು ಬಲಕ್ಕೆ 2 ಚೌಕ ದಾಟಿ ಕೆಳಗಿಳಿಯಲಿ. ಹಿಂಬದಿಯಲ್ಲಿ 2 ಚೌಕ ಮೇಲಕ್ಕೆ ಹೋಗಿ ಮತ್ತೆ ಮುಂದೆ ಬರಲಿ, ಮತ್ತೆ ಬಲಕ್ಕೆ 2. ಮೂರು ಮೆಟ್ಟಿಲು ಹತ್ತಿ, ಮೂರು ಇಳಿದು, ಹೀಗೇ ಸಾಲಿನ ಕೊನೆಯವರೆಗೆ. ಈಗ ಮುಂಬದಿಯಲ್ಲಿ ಅಡ್ಡಗೆರೆಗಳು ಮಾತ್ರ, ಹಿಂಬದಿಯಲ್ಲಿ ನಿಂತ ಗೆರೆಗಳು ಮಾತ್ರ ಕಾಣುತ್ತವೆ. ಅದೇ ತೂತುಗಳಲ್ಲಿ ವಾಪಸ್ ಬಂದರೆ ಬಿಟ್ಟ ಜಾಗ ತುಂಬಿ ಎರಡೂ ಬದಿಯಲ್ಲಿ ಒಂದೇ ಮೆಟ್ಟಿಲು ಮೂಡುತ್ತದೆ. ಹೋಗುವಾಗ ಒಂದು ಚೌಕ ತಪ್ಪಿದ್ದರೆ ಬರುವಾಗ ಆ ಗೆರೆ ಓರೆಯಾಗಿ ತಾನೇ ಹೇಳಿಬಿಡುತ್ತದೆ. ಆಗ ಸೂಜಿಯಿಂದ ದಾರ ಕಳಚಿ, ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಹಿಂದೆ ಬನ್ನಿ. ಮೊನೆಯ ತುದಿಯಿಂದ ಎತ್ತಿದರೆ ಎಳೆ ಸೀಳಬಹುದು.

ಮಧ್ಯೆ ಎದ್ದು ಹೋಗಿ ನಾಲ್ಕು ದಿನ ಬಿಟ್ಟು ತೆಗೆದರೂ ಎಲ್ಲಿದ್ದೆವು ಅಂತ ಬರೆದಿಟ್ಟುಕೊಳ್ಳಬೇಕಿಲ್ಲ. ಮುಂದೆ ಬರೀ ಅಡ್ಡಗೆರೆ ಇದ್ದರೆ ಹೋಗುವ ದಾರಿಯಲ್ಲಿದ್ದೀರಿ, ಮೆಟ್ಟಿಲು ಪೂರ್ತಿಯಾಗುತ್ತ ಬಂದಿದ್ದರೆ ಬರುವ ದಾರಿಯಲ್ಲಿ. ಎರಡೂ ಬದಿ ಕಾಣುವ ಕೆಲಸವಾದ್ದರಿಂದ ಗಂಟು ಹಾಕುವಂತಿಲ್ಲ. ಶುರುವಿನಲ್ಲಿ 5 ಸೆಂ.ಮೀ. ದಾರ ಬಿಟ್ಟು, ಕೊನೆಗೆ ಅದನ್ನು ಮೂರು ನಾಲ್ಕು ಹೊಲಿಗೆಗಳ ಅಡಿ ತೂರಿಸಿ ಕತ್ತರಿಸಿ. ಏಳುವಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೋಗುವ ಬದಲು ಮುಚ್ಚಳದ ಡಬ್ಬಿಗೆ ಹಾಕಿ ಎತ್ತರದಲ್ಲಿಡಿ. ಡಬ್ಬಿಯಲ್ಲಿ ಎಷ್ಟು ಸೂಜಿ ಇವೆ ಅಂತ ಮುಚ್ಚಳದ ಮೇಲೆಯೇ ಬರೆದಿಟ್ಟರೆ ಎಣಿಸುವುದು ಸುಲಭ.

ಮಕ್ಕಳು ದೊಡ್ಡವರಾಗುವವರೆಗೆ ಮುಟ್ಟಬಾರದ್ದೂ ಕೆಲವಿವೆ. ಎಪಾಕ್ಸಿ ರೆಸಿನ್ ಕಲಸಿದ ಮೇಲೆ ಕೈಬಿಡುವಂತಿಲ್ಲ, ಗಟ್ಟಿಯಾಗಲು ಇಡೀ ದಿನ ಬೇಕು, ಅಲ್ಲಿಯವರೆಗೆ ಅದರ ಹೊಗೆ, ಅಂಟು ಎರಡೂ ಕೆಟ್ಟದ್ದು. ಕಾಸ್ಟಿಕ್ ಸೋಡಾದ ಸಾಬೂನು, ಕಾಯಿಸಿದ ಮೇಣ ಇದೇ ಪಟ್ಟಿಗೆ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಗುಂಡುಗಳನ್ನು ಮನೆಗೇ ತರಬೇಡಿ, ನುಂಗಿದರೆ ಕರುಳಿನಲ್ಲೇ ಉಬ್ಬುತ್ತವೆ. ಮೂರು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ವಸ್ತುವೇ ಎಂದು ಪರೀಕ್ಷಿಸಲು ಆಟಿಕೆ ತಯಾರಕರು ಬಳಸುವ ಕೊಳವೆಯ ಅಗಲ 3.17 ಸೆಂ.ಮೀ. ನಿಮ್ಮ ಗುಂಡಿ, ಮಣಿ, ಚಮಕಿ ಡಬ್ಬಿಯಲ್ಲಿರುವುದು ಬಹುತೇಕ ಎಲ್ಲವೂ ಅದರೊಳಗೆ ಹೋಗುತ್ತದೆ.