ಹೂಳು ತುಂಬಿದ್ದಕ್ಕೆ ಉಳಿದ ಊರು

ಮಗಳು ಶಿಕಾಗೋದಲ್ಲಿದ್ದಾಳೆ ಅಂದ ಕೂಡಲೇ "ನಯಾಗರಾ ನೋಡಿದ್ರಾ?" ಅಂತ ಕೇಳುತ್ತಾರೆ. ನೋಡಿದ್ದೇನೆ, ಚೆಂದ ಉಂಟು. ಆದರೆ ಮಂಗಳೂರಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್‌ಗೆ ಮಾತಾಡಬೇಕೆನಿಸುವುದು ಗೆಲೀನಾದ ಬಗ್ಗೆ. ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯ ಊರು. ಜನ ಮೂರು ಸಾವಿರದ ಚಿಲ್ಲರೆ, ಅಷ್ಟೇ.

ಪೇಟೆಬೀದಿ ಗುಡ್ಡದ ಬುಡದಲ್ಲಿ ಬಾಗಿಕೊಂಡು ಹೋಗುತ್ತದೆ. ಎರಡೂ ಬದಿ ಗೋಡೆಗೆ ಗೋಡೆ ತಾಗಿದ ಕೆಂಪು ಇಟ್ಟಿಗೆಯ ಅಂಗಡಿಗಳು, ಹೆಚ್ಚಿನವು 19ನೇ ಶತಮಾನದ್ದು. ಮೇಲಿನ ಬೀದಿಗಳಿಗೆ ಮೆಟ್ಟಿಲು ಹತ್ತಬೇಕು; ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ನಡೆದವರಿಗೆ ಆ ಏದುಸಿರು ಗೊತ್ತು. ಬೀದಿಯ ತುದಿಯಲ್ಲಿ ಹಸಿರು ಬಣ್ಣದ ಭಾರೀ ಗೇಟು. "ರಾತ್ರಿ ಊರಿಗೇ ಬೀಗ ಹಾಕ್ತಾರಾ?" ಅಂದಳು ನನ್ನವಳು. "ಅಲ್ಲಮ್ಮ, ನೆರೆ ಬಂದಾಗ ಮುಚ್ಚುವುದು," ಅಂದಳು ಮಗಳು.

1826ರ ಡೌಲಿಂಗ್ ಮನೆ ಊರಿನ ಅತಿ ಹಳೆಯದು. ಸುಣ್ಣಕಲ್ಲಿನ ದಪ್ಪ ಗೋಡೆ. ನನ್ನ ಕೈ ತಾನಾಗಿ ಕಲ್ಲಿನ ಸಂದಿಗೆ ಹೋಯಿತು. ಆಕಾರವಿಲ್ಲದ ಕಲ್ಲುಗಳನ್ನು ಹೊಂದಿಸಿ ಕೂರಿಸಿದ ಮೇಸ್ತ್ರಿ ಯಾರೋ, ಗಟ್ಟಿಗ.

ಎಲ್ಲರೂ ನುಗ್ಗುವುದು ಗ್ರಾಂಟ್ ಮನೆಗೆ. ಯುಲಿಸಿಸ್ ಗ್ರಾಂಟ್ 1860ರಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆಂದು ಇಲ್ಲಿಗೆ ಬಂದವನು. ಮರುವರ್ಷ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧಕ್ಕೆ ಹೋದ, 1865ರಲ್ಲಿ ಗೆದ್ದ ಉತ್ತರದ ಸೇನಾಪತಿಯಾಗಿ ಮರಳಿದ. ಊರಿನವರು ಇಟ್ಟಿಗೆಯ ಮನೆಯೊಂದನ್ನೇ ಉಡುಗೊರೆ ಕೊಟ್ಟರು. ಆಮೇಲೆ ದೇಶದ ಅಧ್ಯಕ್ಷನೂ ಆದ. ನನಗೆ ಅದಕ್ಕಿಂತ ಹಿಡಿಸಿದ್ದು ಹಳೆಯ ಕಸ್ಟಮ್ಸ್ ಕಟ್ಟಡ, ಇವತ್ತಿಗೂ ಅಲ್ಲಿ ಅಂಚೆ ಕಚೇರಿ ನಡೆಯುತ್ತಿದೆ. ಅದರ ಕೆಲಸದ ಮೇಲ್ವಿಚಾರಣೆ ಮಾಡಿದ ಇಂಜಿನಿಯರ್ ಈಲಿ ಪಾರ್ಕರ್, ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಬುಡಕಟ್ಟಿನವನು. ದಕ್ಷಿಣದ ಸೇನೆ ಗ್ರಾಂಟ್‌ಗೆ ಶರಣಾದಾಗ ಒಪ್ಪಂದದ ಪ್ರತಿ ಬರೆದವನೂ ಅವನೇ. ಅವನ ಹೆಸರಲ್ಲಿ ಒಂದು ಮನೆ ಇಲ್ಲ ನೋಡಿ.

ಸಾವಿರದ ಎಂಟುನೂರ ನಲವತ್ತರ ದಶಕದಲ್ಲಿ ಅಮೆರಿಕದ ಸೀಸದ ಬಹುಪಾಲು ಈ ಸುತ್ತಿನಿಂದಲೇ ಹೋಗುತ್ತಿತ್ತು, ಹೊಳೆಯಲ್ಲಿ ಹಬೆ ದೋಣಿಗಳ ಸಾಲು. ಗಣಿ ತೋಡಿ, ಗುಡ್ಡದ ಮರ ಕಡಿದು, ಮಣ್ಣೆಲ್ಲ ಹೊಳೆಗಿಳಿಯಿತು. ಹೂಳು ತುಂಬಿತು. ರೈಲು ಬಂದ ಮೇಲೆ ವ್ಯಾಪಾರ ಬೇರೆ ಊರುಗಳ ಪಾಲಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ ಮಾರಾಯ್ರೆ, ಹಾಗಾಗಿ ಎಲ್ಲ ಉಳಿಯಿತು!

ಹೂಳಿನ ಕಾಟ ಮಂಗಳೂರಲ್ಲಿ ಹೊಳೆ ಸಮುದ್ರ ಸೇರುವ ನಮ್ಮ ಅಳಿವೆಬಾಗಿಲಿಗೂ ಉಂಟು. ಆದರೆ ನಮಗೆ ಪಣಂಬೂರಿನ ಬಂದರು ಬಂತು, ದುಡ್ಡು ಬರುವುದು ನಿಲ್ಲಲಿಲ್ಲ. ಗ್ರಾಂಟ್‌ಗೆ ಮನೆ ಸಿಕ್ಕಿದ ಅದೇ 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ನಮ್ಮೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಆ ಹಂಚಿನ ಮನೆಗಳು ಈಗ ಒಂದೊಂದಾಗಿ ಫ್ಲ್ಯಾಟ್ ಆಗುತ್ತಿವೆ, ಕೆಲವನ್ನು ನಾನೇ ಕಟ್ಟಿದ್ದೇನೆ. ಕೆಡವಿದ ಮನೆಯ ಮಾಡಿನ ಪಕ್ಕಾಸು, ರೀಪು (ಹಂಚನ್ನು ಹೊರುವ ಮರದ ತೊಲೆ, ಪಟ್ಟಿಗಳು), ಹಲಸಿನ ಮರದ ಬಾಗಿಲಿಗೆ ಒಳ್ಳೆ ರೇಟು ಉಂಟು; "ಹಳೇ ಕಾಲದ ಲುಕ್" ಬೇಕೆನ್ನುವ ರೆಸಾರ್ಟಿನವರು ಬಂದು ಒಯ್ಯುತ್ತಾರೆ.

ಗೆಲೀನಾದ ಹಳೆಪೇಟೆಯಲ್ಲಿ ಈಗ ಕಟ್ಟಡದ ಹೊರಮುಖ ಬದಲಿಸಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಅಲ್ಲಿ ನಾನು ಕಂಟ್ರಾಕ್ಟರ್ ಆಗಿದ್ದರೆ ಫೈಲು ಹಿಡಿದು ಅಲೆದೇ ಚಪ್ಪಲಿ ಸವೆಯುತ್ತಿತ್ತು. ಆದರೂ ನಮ್ಮ ಹಳೆ ಬಂದರಿನ ಗೋದಾಮುಗಳಿಗೆ ಅಂಥದ್ದೊಂದು ಸಮಿತಿ ಬರುವುದಾದರೆ ನನ್ನ ಅಡ್ಡಿ ಇಲ್ಲ.