ದೂರು ಪೆಟ್ಟಿಗೆಯ ಎತ್ತರ

ಇಂದು ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಶಾಲೆಯೊಂದಕ್ಕೆ ಅಣ್ಣನ ಮಗಳನ್ನು ಕರೆತರಲು ಹೋಗಿದ್ದೆ. ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲ ಪಕ್ಕದಲ್ಲೇ ಮಕ್ಕಳ ದೂರು ಪೆಟ್ಟಿಗೆಯನ್ನು ತೂಗುಹಾಕಿದ್ದರು.

ಚೀಟಿ ಹಾಕುವ ಕಿಂಡಿ ನನ್ನ ಭುಜದ ಎತ್ತರಕ್ಕಿತ್ತು. ಎರಡನೆಯ ತರಗತಿಯ ಮಗುವೊಂದು ಏನಾದರೂ ಹೇಳಿಕೊಳ್ಳಬೇಕೆಂದರೆ ಬೆಂಚು ಎಳೆದು ತಂದು, ಎಲ್ಲ ಶಿಕ್ಷಕರ ಕಣ್ಣೆದುರಿಗೇ ಅದರ ಮೇಲೆ ಹತ್ತಿ ನಿಲ್ಲಬೇಕು. ಮಳೆಗಾಲದ ತೇವಕ್ಕೆ ಬೀಗ ತುಕ್ಕು ಹಿಡಿದಿತ್ತು. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಮಾತ್ರ ದಪ್ಪ ಅಕ್ಷರದಲ್ಲಿ ಚೆನ್ನಾಗಿಯೇ ಬರೆಸಿದ್ದರು, ಅಷ್ಟಕ್ಕೆ ಮೆಚ್ಚಲೇಬೇಕು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧವಾಗಿರುವುದರಿಂದ, 'ಶಾಲೆಯ ಮರ್ಯಾದೆ ಪ್ರಶ್ನೆ, ನಾವೇ ಕೂತು ಬಗೆಹರಿಸೋಣ' ಎಂಬ ನಮ್ಮೂರಿನ ರಾಜಿ ಪಂಚಾಯಿತಿಗೆ ಅಲ್ಲಿ ಜಾಗವಿಲ್ಲ. ಆದರೆ ಮಗು ಬಾಯಿ ಬಿಡದೆ ಯಾರಿಗೆ ತಾನೇ ಗೊತ್ತಾಗುತ್ತದೆ? ಮೇಷ್ಟರ ಮೇಲಿನ ದೂರನ್ನು ಮೇಷ್ಟರ ಬಾಗಿಲಲ್ಲೇ ಹಾಕು ಎಂದರೆ ಯಾವ ಮಗು ಹಾಕೀತು?

ಪೆಟ್ಟಿಗೆಯನ್ನು ಕೈತೊಳೆಯುವ ನಲ್ಲಿಯ ಕಡೆಗೆ, ಮಕ್ಕಳ ಎದೆಯೆತ್ತರಕ್ಕೆ ಇಳಿಸಿ, ಕೀಲಿಯನ್ನು ಶಾಲೆಯ ಸಿಬ್ಬಂದಿಯಲ್ಲದ, ನಂಬಿಕಸ್ಥರೊಬ್ಬರ ಬಳಿ ಇಡಬಹುದಲ್ಲವೇ ಎಂದು ಕೇಳಿದೆ. 'ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನೋಡೋಣ' ಎಂದರು ಮುಖ್ಯ ಶಿಕ್ಷಕರು. ಅಣ್ಣನನ್ನು ಆ ಸಭೆಗೆ ತಪ್ಪದೆ ಕಳುಹಿಸುತ್ತೇನೆ.